ನಾಮದ ಕೋಳಿ ವಿದೇಶಿ ಅತಿಥಿಯಲ್ಲ, ನಮ್ಮ ಕೆರೆಯ ಒಕ್ಕಲು

ಮೊದಲಿಗೆ ಒಂದು ತಿದ್ದುಪಡಿ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಮಾಡದಕೆರೆ ಹೋಬಳಿಯ ಒಂದು ಕೆರೆ ಏರಿ ಮೇಲೆ ಬೈಕ್ ನಿಲ್ಲಿಸಿ ನಾವು ಫೋಟೊ ತೆಗೆದೆವು. ನೀರಿನ ಮೇಲೆ ಕರಿ ಹಕ್ಕಿಗಳ ದೊಡ್ಡ ಹಿಂಡು. ಪ್ರತಿ ಹಕ್ಕಿಯ ಹಣೆ ಮೇಲೂ ಸುಣ್ಣ ಬಳಿದಂಥ ಬಿಳಿ. ಅವತ್ತು ಬೇರೆ ಸುದ್ದಿ ಇರಲಿಲ್ಲ. ಮಧ್ಯಾಹ್ನದೊಳಗೆ ಪತ್ರಿಕೆಗೆ ಕಳಿಸಿಬಿಟ್ಟೆವು: 'ಕೆರೆಗೆ ವಿದೇಶಿ ಅತಿಥಿಗಳ ಆಗಮನ'. ಸೈಬೀರಿಯಾ, ಸಾವಿರಾರು ಕಿಲೋಮೀಟರ್ ಪಯಣ, ಪಕ್ಷಿಪ್ರಿಯರಿಗೆ ಹಬ್ಬ ಎಂದೆಲ್ಲ ಸೇರಿಸಿದ್ದೆವು. ಮಾರನೇ ದಿನ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬಂತು. ನಾವೂ ಸ್ಟೇಟಸ್‌ಗೆ ಹಾಕಿಕೊಂಡು ಖುಷಿಪಟ್ಟೆವು.

ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಕೆಲಸದ ಮೇಲೆ ಅದೇ ಏರಿ ಮೇಲೆ ಹೋಗಬೇಕಾಯಿತು. ಜಂಬುಹುಲ್ಲಿನ ಮರೆಯಿಂದ ಅದೇ ಕರಿ ಹಕ್ಕಿ ಹೊರಗೆ ಬಂತು. ಅದರ ಹಿಂದೆ ಕೆಂಪು ತಲೆಯ ಐದು ಮರಿ. ಪಕ್ಕದಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಒಂದು ಕಾಲಕ್ಕೆ ಕೆರೆ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿ ಮನೆತನದವರು. ನಕ್ಕು ಹೇಳಿದರು: "ಪೇಪರ್‌ನಾಗೆ ಎಲ್ಲೆಲ್ಲಿಂದಲೋ ಬಂದವೆ ಅಂತ ಬರೆದಿದ್ರಲ್ಲಪ್ಪ, ಇವು ಅವೇ ಕೋಳಿ. ಇಲ್ಲೇ ಮೊಟ್ಟೆ ಇಕ್ತವೆ, ಇಲ್ಲೇ ಮರಿ ಮಾಡ್ತವೆ. ನಮ್ಮಪ್ಪನ ಕಾಲದಿಂದಲೂ ನೋಡೀವಿ."

"ಹೌದಾ ಯಜಮಾನ್ರೇ?" ಎಂದೆವು. ಬೇರೆ ಏನು ಹೇಳುವುದಕ್ಕೂ ಬಾಯಿ ಇರಲಿಲ್ಲ.

ಆ ತಪ್ಪನ್ನು ಪತ್ರಿಕೆಯಲ್ಲಿ ಯಾರೂ ತಿದ್ದಲಿಲ್ಲ. ಓದುಗರೂ ಕೇಳಲಿಲ್ಲ. ಹಕ್ಕಿ ಎಲ್ಲಿಂದ ಬಂದರೇನು, ಸುದ್ದಿ ಚೆನ್ನಾಗಿತ್ತಲ್ಲ ಅಂತ ನೀವು ಅನ್ನಬಹುದು. ಆದರೆ ಅತಿಥಿ ಅಂದಮೇಲೆ ನಮ್ಮ ಜವಾಬ್ದಾರಿ ಮುಗಿಯಿತು. ಬಂದರೆ ಸಂತೋಷ, ಬರದಿದ್ದರೆ ಸೈಬೀರಿಯಾದಲ್ಲೇ ಏನೋ ಆಗಿರಬೇಕು ಅಂತ ಸುಮ್ಮನಾಗುತ್ತೇವೆ. ಒಕ್ಕಲು ಅಂದರೆ ಹಾಗಲ್ಲ. ಅದರ ಮನೆ ನಮ್ಮ ಕೆರೆಯಲ್ಲೇ ಇದೆ, ಆ ಮನೆ ಕೆಡವಿದವರೂ ನಾವೇ ಆಗುತ್ತೇವೆ. ಈ ಬರಹ ಅದರ ಬಗ್ಗೆ.

ಬಾತೂ ಅಲ್ಲ, ಕೋಳಿಯೂ ಅಲ್ಲ

ನಮ್ಮ ಕಡೆ ಇದಕ್ಕೆ ನೀರುಕೋಳಿ ಅಂತಲೇ ಹೆಸರು. ತೊಂದರೆ ಏನೆಂದರೆ, ನೀರಿನಲ್ಲಿ ಕೋಳಿಯ ಹಾಗೆ ಕಾಣುವ ಎಲ್ಲಕ್ಕೂ ಅದೇ ಹೆಸರು. ಹಕ್ಕಿ ಪುಸ್ತಕಗಳಲ್ಲಿ ಇದು ನಾಮದ ಕೋಳಿ. ಇಂಗ್ಲಿಷಿನವರು ಯುರೇಷಿಯನ್ ಕೂಟ್ ಅನ್ನುತ್ತಾರೆ. ಫುಲಿಕಾ ಅಟ್ರಾ ಎಂಬುದು ವಿಜ್ಞಾನದ ಹೆಸರು, 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟದ್ದು.

ಗುರುತು ಹಿಡಿಯುವುದು ಸುಲಭ. ಮೈಯೆಲ್ಲ ಮಸಿ ಕಪ್ಪು. ಕೊಕ್ಕು ಬಿಳಿ. ಕೊಕ್ಕಿನ ಬುಡದಿಂದ ಹಣೆವರೆಗೆ ಬಿಳಿ ಹಲಗೆಯಂಥ ಭಾಗ, ಅದೇ ನಾಮ. ಕಣ್ಣು ಕೆಂಪು. ತೂಕ ಹೆಚ್ಚುಕಡಿಮೆ ಮುಕ್ಕಾಲು ಕೆಜಿ. ಹಣೆ ಕೆಂಪಾಗಿದ್ದು ಕೊಕ್ಕಿನ ತುದಿ ಹಳದಿಯಾಗಿದ್ದರೆ ಅದು ಇದರ ದಾಯಾದಿ, ಬೇರೆ ಹಕ್ಕಿ. ಮೈ ನೀಲಿ-ನೇರಳೆಯಾಗಿ ಕೊಕ್ಕು ಕೆಂಪಾಗಿದ್ದರೆ ಜಂಬುಕೋಳಿ. ಎದೆ ಬೆಳ್ಳಗಿದ್ದು, ಬಾಲ ಕುಣಿಸುತ್ತಾ ಬೇಲಿ ಸಂದಿಯಲ್ಲಿ ಓಡಿದರೆ ಹುಂಡುಕೋಳಿ. ಈ ನಾಲ್ಕೂ ಒಂದೇ ಕುಟುಂಬದವು. ನಮ್ಮ ಹಿತ್ತಲ ಕೋಳಿಗೂ ಇವಕ್ಕೂ ನೆಂಟಸ್ತಿಕೆ ಇಲ್ಲ. ಬಾತಿಗೂ ಇಲ್ಲ. ದೂರದ ನೆಂಟ ಯಾರೆಂದರೆ, ಉತ್ತರ ಭಾರತದ ಗದ್ದೆಗಳಲ್ಲಿ ಆಳೆತ್ತರ ನಿಲ್ಲುವ ಸಾರಸ ಕೊಕ್ಕರೆ.

ಕಾಲು ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾತಿನ ಬೆರಳುಗಳ ನಡುವೆ ಚರ್ಮ ಇರುತ್ತದೆ. ನಾಮದ ಕೋಳಿಗೆ ಹಾಗಿಲ್ಲ. ಒಂದೊಂದು ಬೆರಳಿಗೂ ಎರಡೂ ಬದಿಯಲ್ಲಿ ಎಲೆಯಂಥ ಪದರಗಳಿವೆ. ಕಾಲನ್ನು ಹಿಂದಕ್ಕೆ ತಳ್ಳಿದಾಗ ಅವು ಅರಳಿ ಹುಟ್ಟಿನಂತೆ ನೀರು ನೂಕುತ್ತವೆ. ಮುಂದಕ್ಕೆ ತಂದಾಗ ಮಡಚಿಕೊಳ್ಳುತ್ತವೆ. ಹೀಗಾಗಿ ಅದು ನೀರಲ್ಲೂ ಈಜುತ್ತದೆ, ಕೆಸರಲ್ಲೂ ಹೂತುಹೋಗದೆ ನಡೆಯುತ್ತದೆ.

ಹಾರುವುದು ಮಾತ್ರ ಅದಕ್ಕೆ ಕಷ್ಟದ ಕೆಲಸ. ನಿಂತಲ್ಲಿಂದ ಏಳಲು ಆಗುವುದಿಲ್ಲ. ನೀರಿನ ಮೇಲೆ ಚಟಪಟ ಅಂತ ಬಹಳ ದೂರ ಓಡಿ, ಆಮೇಲೆ ಮೇಲೇಳುತ್ತದೆ. ಹಗಲು ಹೊತ್ತು ಹೆಚ್ಚಾಗಿ ಹಾರುವುದೇ ಇಲ್ಲ. ಒಂದು ಕೆರೆ ಬಿಟ್ಟು ಇನ್ನೊಂದಕ್ಕೆ ಹೋಗುವ ಪ್ರಯಾಣವೆಲ್ಲ ರಾತ್ರಿ. ಅದಕ್ಕೇ ಊರಿನವರಿಗೆ ಇದು ನಿನ್ನೆ ಇರಲಿಲ್ಲ, ಇವತ್ತು ಇದೆ ಅನ್ನಿಸುವುದು.

ಮೀನು ಕಳ್ಳ ಅಂದವರು ಯಾರು?

ಕೆರೆ ಮೀನಿನ ಹರಾಜು ಹಿಡಿದವರ ಬಾಯಲ್ಲಿ ಒಂದು ದೂರು ಆಗಾಗ ಕೇಳಿದ್ದೇವೆ: ಈ ಕರಿ ಕೋಳಿಗಳು ಮೀನುಮರಿ ತಿಂದುಹಾಕುತ್ತವೆ ಅಂತ. ಅದು ನೀರುಕಾಗೆಯ ಮೇಲಿನ ಸಿಟ್ಟನ್ನು ಇದರ ಮೇಲೆ ತೀರಿಸಿದ ಹಾಗೆ. ಎರಡೂ ಕಪ್ಪು, ಎರಡೂ ಮುಳುಗುತ್ತವೆ, ಅಷ್ಟೇ ಹೋಲಿಕೆ. ನೀರುಕಾಗೆ ಮುಳುಗುವುದು ಮೀನಿಗೆ. ನಾಮದ ಕೋಳಿ ಮುಳುಗುವುದು ಹೆಚ್ಚಾಗಿ ಕಳೆಗೆ. ತಳದಲ್ಲಿ ಬೆಳೆದ ನೀರುಗಿಡಗಳನ್ನು ಕಿತ್ತು ಮೇಲೆ ತಂದು ತಿನ್ನುತ್ತದೆ. ಪಾಚಿ, ಚಿಗುರು, ಬೀಜ ಅದರ ದಿನದ ಊಟ. ಜೊತೆಗೆ ಬಸವನಹುಳ, ನೀರಿನ ಕೀಟ. ಸಿಕ್ಕರೆ ಅಪರೂಪಕ್ಕೆ ಒಂದು ಸಣ್ಣ ಮೀನು ತಿನ್ನುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಹೊಟ್ಟೆ ತುಂಬುವುದು ಸೊಪ್ಪಿನಿಂದ.

ಚಳಿಗಾಲದಲ್ಲಿ ನಿಜಕ್ಕೂ ದೂರದಿಂದ ಬರುವ ಕೆಲವು ಬಾತುಗಳು ಇದರ ಪಕ್ಕದಲ್ಲೇ ತೇಲುತ್ತಿರುತ್ತವೆ. ಯಾಕೆಂದರೆ ಆ ಬಾತುಗಳಿಗೆ ಆಳಕ್ಕೆ ಮುಳುಗಲು ಬರುವುದಿಲ್ಲ. ನಾಮದ ಕೋಳಿ ಕಳೆ ಕಿತ್ತು ಮೇಲೆ ತಂದ ತಕ್ಷಣ ಅದರ ಬಾಯಿಂದ ಕಸಿದುಕೊಳ್ಳುತ್ತವೆ. ಅತಿಥಿಗಳಿಗೆ ಬಡಿಸುತ್ತಿರುವ ಮನೆಯವರನ್ನೇ ನಾವು ಅತಿಥಿ ಅಂತ ಬರೆದಿದ್ದೆವು.

ನೀರಿನ ಮೇಲೆ ಕಟ್ಟಿದ ಮನೆ

ಮಳೆ ಬಂದು, ಕೆರೆಗೆ ನೀರು ನಿಂತು, ಅಂಚಿನಲ್ಲಿ ಜಂಬು, ಆಪು ಎದ್ದ ಮೇಲೆ ನಾಮದ ಕೋಳಿ ಸಂಸಾರ ಹೂಡುತ್ತದೆ. ಚಳಿಗಾಲದಲ್ಲಿ ಹಿಂಡಿನಲ್ಲಿದ್ದ ಹಕ್ಕಿಗಳೇ ಈಗ ಜಗಳಗಂಟರಾಗುತ್ತವೆ. ಒಂದೊಂದು ಜೋಡಿಯೂ ಒಂದಿಷ್ಟು ನೀರು ಹಿಡಿದುಕೊಂಡು, ಪಕ್ಕದವರು ಬಂದರೆ ತಲೆ ತಗ್ಗಿಸಿ ನಾಮ ಮುಂದೆ ಮಾಡಿ ನುಗ್ಗುತ್ತವೆ. ಹೊಲದ ಬದುವಿನ ಜಗಳ ನೋಡಿದವರಿಗೆ ಇದು ಹೊಸದೇನಲ್ಲ.

ಗೂಡು ಅಂದರೆ ಜಂಬಿನ ಕಡ್ಡಿ, ಎಲೆ, ಕಳೆಗಳ ಒಂದು ಗುಡ್ಡೆ. ಆಳ ಕಡಿಮೆ ಇರುವ ಕಡೆ, ಹುಲ್ಲಿನ ಬುಡಕ್ಕೆ ಸಿಕ್ಕಿಸಿ ಕಟ್ಟುತ್ತವೆ. ಕೆಲವು ತಳಕ್ಕೆ ಊರಿರುತ್ತವೆ, ಕೆಲವು ತೇಲುತ್ತವೆ. ನೀರು ನಿಧಾನವಾಗಿ ಏರಿದರೆ ಇನ್ನಷ್ಟು ಕಡ್ಡಿ ಪೇರಿಸಿ ಗೂಡನ್ನು ಎತ್ತರ ಮಾಡಿಕೊಳ್ಳುತ್ತವೆ. ನೀರು ಥಟ್ಟನೆ ಇಳಿದರೆ ಮಾತ್ರ ಏನೂ ಮಾಡಲಾಗದು. ಸುತ್ತ ನೀರಿದ್ದಾಗ ಕೋಟೆಯಾಗಿದ್ದ ಗೂಡು, ನೀರು ಸರಿದ ಮೇಲೆ ನಾಯಿ, ಮುಂಗುಸಿಗೆ ನಡೆದು ಹೋಗುವ ದೂರದಲ್ಲಿ ಸಿಗುತ್ತದೆ.

ಸಾಮಾನ್ಯವಾಗಿ 6ರಿಂದ 10 ಮೊಟ್ಟೆ. ದಿನಕ್ಕೊಂದರಂತೆ ಇಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವಿಗೆ ಕೂರುತ್ತವೆ. ಮೂರು ವಾರ ದಾಟಿ ಮರಿ ಹೊರಬರುತ್ತದೆ. ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಮೊದಲೇ ಕಾವು ಶುರುವಾಗುವುದರಿಂದ ಮರಿಗಳು ಒಂದೇ ದಿನ ಹುಟ್ಟುವುದಿಲ್ಲ. ಮೊದಲು ಹುಟ್ಟಿದ್ದು ದೊಡ್ಡದು, ಕೊನೆಯದು ಪುಟ್ಟದು. ತಂದೆ ತಾಯಿ ತಂದ ಕೀಟಕ್ಕೆ ಪೈಪೋಟಿ ಶುರುವಾದರೆ ಕೊನೆಯದಕ್ಕೆ ಉಪವಾಸ. ಮೊದಲ ಹತ್ತು ದಿನದಲ್ಲೇ ಬಹಳ ಮರಿ ಸಾಯುತ್ತವೆ. ಊಟ ಸಾಲದಾದಾಗ ಕೇಳಿ ಕೇಳಿ ಬರುವ ಮರಿಯನ್ನು ತಂದೆ ತಾಯಿಯೇ ಕುಕ್ಕಿ ಓಡಿಸುವುದೂ ಇದೆ. ಉಳಿದ ಮರಿ ತಾನೇ ಹಾರಿ ಬದುಕಲು ಎರಡು ತಿಂಗಳ ಹತ್ತಿರ ಬೇಕು.

ಲೆಕ್ಕ ಹಾಕಿ ನೋಡಿ. ಗೂಡಿಗೆ, ಕಾವಿಗೆ, ಮರಿ ಬೆಳೆಯಲು ಎಲ್ಲ ಸೇರಿ ಸುಮಾರು ಮೂರು ತಿಂಗಳು. ಅಷ್ಟು ದಿನ ಕೆರೆ ಅಂಚಿನಲ್ಲಿ ಮೊಣಕಾಲಿನಿಂದ ಸೊಂಟದವರೆಗೆ ನೀರು ನಿಂತಿರಬೇಕು. ಅಲ್ಲಿ ಹುಲ್ಲಿರಬೇಕು. ಹತ್ತಿರದಲ್ಲೇ ಹಾರಲು ಓಡುವಷ್ಟು ತೆರೆದ ನೀರಿರಬೇಕು. ಇವು ಮೂರೂ ಇದ್ದರೆ ನಾಮದ ಕೋಳಿ ಹೆಚ್ಚುತ್ತದೆ. ಒಂದು ಹೋದರೂ ಅದು ಆ ವರ್ಷ ಮರಿ ಮಾಡುವುದಿಲ್ಲ, ಅಥವಾ ಮಾಡಿದ್ದು ಉಳಿಯುವುದಿಲ್ಲ.

ಜಾತ್ರೆ ದಿನದ ಜನಗಣತಿ

ಇನ್ನು ಸಂಖ್ಯೆಯ ಮಾತು. ಜನವರಿಯಲ್ಲಿ ಹಿಂಡು ನೋಡಿದವರು "ಎಲ್ಲಿ ಕಡಿಮೆಯಾಗಿದೆ ಸಾರ್, ನೂರಾರು ಇವೆಯಲ್ಲ" ಅನ್ನುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಯೂರೋಪಿನಿಂದ ಆಸ್ಟ್ರೇಲಿಯಾದವರೆಗೆ ಈ ಹಕ್ಕಿ ಇದೆ. ಜಗತ್ತಿನ ಲೆಕ್ಕದಲ್ಲಿ ಇದು ಅಪಾಯದಲ್ಲಿಲ್ಲ. ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು 'ಕಡಿಮೆ ಆತಂಕ'ದ ಗುಂಪಿನಲ್ಲಿ ಇಟ್ಟಿದೆ. ಹಿಮ ಬೀಳುವ ಉತ್ತರದ ದೇಶಗಳ ನಾಮದ ಕೋಳಿಗಳು ಚಳಿಗೆ ಕೆರೆ ಹೆಪ್ಪುಗಟ್ಟುತ್ತಲೇ ದಕ್ಷಿಣಕ್ಕೆ ಹೊರಡುತ್ತವೆ. ಅವುಗಳಲ್ಲಿ ಕೆಲವು ಭಾರತಕ್ಕೂ ಬರುತ್ತವೆ. ಅಂದರೆ ಜನವರಿಯ ಹಿಂಡಿನಲ್ಲಿ ಹೊರಗಿನವೂ ಇರಬಹುದು, ಅಕ್ಕಪಕ್ಕದ ತಾಲ್ಲೂಕಿನ ಕೆರೆ ಬತ್ತಿ ಬಂದವೂ ಇರಬಹುದು, ನಮ್ಮ ಕೆರೆಯಲ್ಲೇ ಹುಟ್ಟಿದವೂ ಇರಬಹುದು. ನೋಡಲು ಎಲ್ಲ ಒಂದೇ. ಏರಿ ಮೇಲೆ ನಿಂತು ಯಾವುದು ಎಲ್ಲಿಯದು ಅಂತ ಹೇಳಲು ಯಾರಿಂದಲೂ ಆಗದು.

ಹಾಗಾಗಿ ಜನವರಿಯ ಹಿಂಡು ನೋಡಿ ನಮ್ಮ ಕೆರೆಯಲ್ಲಿ ನಾಮದ ಕೋಳಿ ಚೆನ್ನಾಗಿವೆ ಅನ್ನುವುದು, ಜಾತ್ರೆ ದಿನ ತೇರಿನ ಮುಂದೆ ನಿಂತು ಊರಿನ ಜನಗಣತಿ ಮಾಡಿದ ಹಾಗೆ. ಜಾತ್ರೆಗೆ ಹತ್ತು ಸಾವಿರ ಜನ ಸೇರಿದರೂ ಊರಿನ ಶಾಲೆಯಲ್ಲಿ ಮಕ್ಕಳಿಲ್ಲದಿರಬಹುದು. ಊರು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಮಕ್ಕಳನ್ನು ಎಣಿಸಬೇಕು. ಕೆರೆಯಲ್ಲೂ ಅಷ್ಟೇ. ಮಳೆಗಾಲ ಮುಗಿಯುವಾಗ ಜೋಡಿಗಳ ಹಿಂದೆ ಎಷ್ಟು ಮರಿ ಈಜುತ್ತಿವೆ, ಅವುಗಳಲ್ಲಿ ಎಷ್ಟು ದೊಡ್ಡವಾದವು ಅನ್ನುವುದೇ ನಿಜವಾದ ಲೆಕ್ಕ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಇನ್ನೂ ಕಷ್ಟ, ಯಾಕೆಂದರೆ ನಮ್ಮ ನೀರೇ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ವೇದಾವತಿಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಇಂಥ ಏರಿಳಿತಕ್ಕೆ ನಾಮದ ಕೋಳಿ ಒಗ್ಗಿಕೊಂಡಿದೆ. ನೀರು ಬತ್ತಿದರೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತದೆ, ನೀರು ಬಂದರೆ ವಾಪಸಾಗುತ್ತದೆ. ಒಂದು ವರ್ಷ ಕಾಣದಿದ್ದರೆ ಸತ್ತವು ಅಂತ ಅರ್ಥವಲ್ಲ. ಆದರೆ ವಾಪಸು ಬಂದಾಗ ಗೂಡು ಕಟ್ಟುವ ಅಂಚೇ ಇಲ್ಲದಿದ್ದರೆ, ಅದು ಬಂದು ನೋಡಿ ಹೋಗುವ ಹಕ್ಕಿಯಾಗುತ್ತದೆ. ಆಗ ನಾವು ಬರೆದ ಸುಳ್ಳು ನಿಜವಾಗುತ್ತದೆ: ಅದು ಅತಿಥಿಯಾಗಿಯೇ ಉಳಿಯುತ್ತದೆ.

ತಟ್ಟೆಯಂಥ ಕೆರೆ, ಬಾವಿಯಂಥ ಕೆರೆ

ನಮ್ಮ ಹಿರಿಯರು ಕಟ್ಟಿದ ಕೆರೆ ಊಟದ ತಟ್ಟೆಯ ಹಾಗೆ. ಏರಿ ಕಡೆ ಆಳ, ಹಿನ್ನೀರಿನ ಕಡೆ ಹೋಗುತ್ತಾ ಹೋಗುತ್ತಾ ತೆಳ್ಳಗೆ. ಆ ತೆಳ್ಳನೆ ನೀರಿನಲ್ಲೇ ಜಂಬು, ಆಪು ಬೆಳೆಯುತ್ತಿದ್ದವು. ದನ ನೀರಿಗೆ ಇಳಿಯುತ್ತಿದ್ದುದೂ ಅಲ್ಲೇ. ನಾಮದ ಕೋಳಿ ಗೂಡು ಕಟ್ಟುತ್ತಿದ್ದುದೂ ಅಲ್ಲೇ.

ಈಗ ಗೋಡು ತೆಗೆಯುವ ಕೆಲಸ ಜೆಸಿಬಿ, ಹಿಟಾಚಿಗಳದ್ದು. ಟ್ರ್ಯಾಕ್ಟರ್, ಟಿಪ್ಪರ್ ನಿಲ್ಲಲು ಅನುಕೂಲವಾದ ಕಡೆ ನೆಟ್ಟಗೆ ಇಳಿಸಿ ಅಗೆಯುತ್ತಾರೆ. ಕೆಲಸ ಮುಗಿದಾಗ ಕೆರೆಯೊಳಗೆ ಬಾವಿಯಂಥ ಗುಂಡಿಗಳು. ಅಂಚು ಗೋಡೆಯ ಹಾಗೆ. ಮಳೆ ಬಂದರೆ ಒಂದೋ ಆಳ ನೀರು, ಇಲ್ಲವೇ ಒಣ ದಂಡೆ. ನಡುವಿನ ತೆಳ್ಳನೆ ನೀರು ಇಲ್ಲ. ನಾಮದ ಕೋಳಿಗೆ ಈಜಲು ನೀರಿದೆ, ಮನೆ ಕಟ್ಟಲು ಜಾಗವಿಲ್ಲ.

ಇದು ಹಕ್ಕಿಯ ಕಷ್ಟ ಮಾತ್ರ ಅಲ್ಲ. ನೆಟ್ಟಗಿನ ಗುಂಡಿಯಲ್ಲಿ ಕಾಲು ಜಾರಿ ಮಕ್ಕಳು, ದನಕರು ಮುಳುಗಿದ ಸುದ್ದಿಗಳನ್ನು ಬೇಸಿಗೆ ರಜೆ ಬಂದರೆ ಬರೆಯುವವರು ನಾವೇ. ದನ ಇಳಿಯಲು ಬೇಕಾದ ಇಳಿಜಾರು, ಹಕ್ಕಿಗೆ ಬೇಕಾದ ಇಳಿಜಾರು, ಎರಡೂ ಒಂದೇ.

ಮೀನಿನ ಕಡೆಯಿಂದಲೂ ಒಂದು ಪೆಟ್ಟು ಇದೆ. ಹುಲ್ಲುಗೆಂಡೆ ಹೆಸರೇ ಹೇಳುವ ಹಾಗೆ ನೀರಿನ ಗಿಡ ತಿಂದು ಬೆಳೆಯುವ ಮೀನು. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ಹುಳು ಹುಡುಕುತ್ತದೆ, ನೀರು ಬಗ್ಗಡವಾಗಿ ತಳಕ್ಕೆ ಬಿಸಿಲು ಇಳಿಯುವುದಿಲ್ಲ, ಗಿಡ ಸಾಯುತ್ತವೆ. ಇವನ್ನು ಅತಿಯಾಗಿ ಬಿಟ್ಟ ಕೆರೆಗಳಲ್ಲಿ ಕಳೆ ತಿನ್ನುವ ಹಕ್ಕಿಗೆ ಊಟ ತಪ್ಪುತ್ತದೆ. ಜಂಬಿನ ಅಂಚಿಗೆ ರಾತ್ರಿಯಿಡೀ ಬಿಟ್ಟ ಬಲೆ ಮತ್ತೊಂದು ಅಪಾಯ. ಮುಳುಗಿ ಕಳೆ ಕೀಳುವ ಹಕ್ಕಿ ಅದರಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಮನುಷ್ಯರಿಗೇ ನೀರಿಲ್ಲ, ಕೋಳಿಗೆ ಎಲ್ಲಿಂದ?

ಈ ಪ್ರಶ್ನೆ ಬರುತ್ತದೆ, ಬರಬೇಕು. ಹೊಸದುರ್ಗ ತಾಲ್ಲೂಕಿನಲ್ಲಿ ಬೋರ್‌ವೆಲ್ ಬತ್ತಿ ತೆಂಗಿನ ತೋಟ ಒಣಗಿದ್ದನ್ನು ನಾವು ನೋಡಿದ್ದೇವೆ. ಟ್ಯಾಂಕರ್ ನೀರಿಗೆ ಬಿಂದಿಗೆ ಸಾಲು ಇಟ್ಟ ಮನೆಗಳಲ್ಲಿ ನಮ್ಮ ಮನೆಯೂ ಒಂದು. ಹೂಳು ತೆಗೆಯಬೇಡಿ ಅಂತ ನಾವು ಹೇಳುತ್ತಿಲ್ಲ. ಕೆರೆ ಗೋಡು ಹೊಲಕ್ಕೆ ಬಂಗಾರ, ಕೆರೆ ತುಂಬಿದರೆ ಸುತ್ತಲ ಬೋರ್‌ವೆಲ್‌ಗೆ ಜೀವ. 2022ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಜಿಲ್ಲೆಗೆ 75 ಕೆರೆಕಟ್ಟೆಗಳ ಗುರಿ ಇಟ್ಟು ಅಮೃತ ಸರೋವರ ಯೋಜನೆ ಶುರು ಮಾಡಿದಾಗ, ನಾವೂ ಒಳ್ಳೆಯದಾಯಿತು ಅಂತಲೇ ಬರೆದೆವು.

ನಮ್ಮ ಮಾತು ಇಷ್ಟೇ: ಆಳ ಮಾಡುವುದಿದ್ದರೆ ಏರಿ ಕಡೆ ಮಾಡಿ, ಹಿನ್ನೀರಿನ ಅಂಚಿನಲ್ಲಿ ಒಂದು ಪಾಲನ್ನು ಹಾಗೇ ಬಿಡಿ. ಆ ತೆಳ್ಳನೆ ಅಂಚಿನಲ್ಲಿ ಹಿಡಿಯುವ ನೀರು ಕೆರೆಯ ಒಟ್ಟು ನೀರಿನಲ್ಲಿ ಬಹಳ ಸಣ್ಣ ಪಾಲು. ಅದನ್ನು ಬಿಟ್ಟರೆ ತೋಟಕ್ಕೆ ನಷ್ಟ ಅಂಥದ್ದೇನೂ ಇಲ್ಲ. ಜೊತೆಗೆ ಮೇಲಿನಿಂದ ಹರಿದು ಬರುವ ಹೂಳನ್ನು ಆ ಹುಲ್ಲೇ ತಡೆದು ಹಿಡಿಯುತ್ತದೆ. ಅದನ್ನು ಕೆರೆದು ಬೋಳು ಮಾಡಿದರೆ ಆ ಹೂಳು ನೇರವಾಗಿ ತೂಬಿನ ಬಾಯಿಗೆ ಬರುತ್ತದೆ, ನಾಲ್ಕು ವರ್ಷಕ್ಕೆ ಮತ್ತೆ ಬಿಲ್ಲು.

ಇನ್ನೊಂದು ಪ್ರಶ್ನೆ: ಇಷ್ಟು ಸಾಮಾನ್ಯ ಹಕ್ಕಿಗೆ ಇಷ್ಟು ಮಾತು ಯಾಕೆ? ಇದಕ್ಕೆ ಉತ್ತರ ರಣಹದ್ದು. 1980ರ ದಶಕದವರೆಗೂ ದನ ಸತ್ತರೆ ರಣಹದ್ದು ಇಳಿಯುವುದು ದೇಶದ ತುಂಬ ಸಾಮಾನ್ಯ ದೃಶ್ಯವಾಗಿತ್ತು. ಯಾರೂ ಎಣಿಸುವ ಗೋಜಿಗೆ ಹೋಗಿರಲಿಲ್ಲ. ರಾಜಸ್ಥಾನದ ಭರತಪುರದಲ್ಲಿ ಮಾತ್ರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಲೆಕ್ಕ ಇಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಅಲ್ಲೇ ಎಣಿಸಿದಾಗ ಕುಸಿತ ಕಣ್ಣಿಗೆ ಬಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕಾರಣ ಅಂತ ಆಮೇಲೆ ಗೊತ್ತಾಗಿ, 2006ರಲ್ಲಿ ಪಶು ಚಿಕಿತ್ಸೆಗೆ ಅದರ ಬಳಕೆ ನಿಷೇಧವಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಪಾಲು ಹೋಗಿಯಾಗಿತ್ತು. ಹಳೆಯ ಲೆಕ್ಕ ಇಲ್ಲದಿದ್ದರೆ ಅಷ್ಟಾದರೂ ಬೇಗ ಗೊತ್ತಾಗುತ್ತಿರಲಿಲ್ಲ.

2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದರಲ್ಲಿ ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338 ಜಾತಿಗಳಿಗೆ ಮಾತ್ರ. ಆ 338ರಲ್ಲಿ 204 ಇಳಿಮುಖ. ಉಳಿದ 600ಕ್ಕೂ ಹೆಚ್ಚು ಜಾತಿಗಳ ಬಗ್ಗೆ ಹಾಗೆ ಹೇಳಲು ಬೇಕಾದಷ್ಟು ಹಳೆಯ ಲೆಕ್ಕವೇ ಇರಲಿಲ್ಲ. ಈ ವರದಿಗೆ ಆಧಾರ ಸಾಮಾನ್ಯ ಜನ ಮೊಬೈಲ್‌ನಲ್ಲಿ ಬರೆದು ಕಳಿಸಿದ ಹಕ್ಕಿ ಪಟ್ಟಿಗಳು. ಅದರಲ್ಲಿ ನಮ್ಮ ಹೋಬಳಿಯ ಕೆರೆಗಳ ಪಾಲು ಎಷ್ಟು ಅಂತ ನಾವೇ ಕೇಳಿಕೊಳ್ಳಬೇಕು.

ಊರಿನವರು ಮಾಡಬಹುದಾದದ್ದು

ಒಂದು, ಎಣಿಕೆ. ಜಲಪಕ್ಷಿಗಳ ಏಷ್ಯಾ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದರ ಜೊತೆಗೆ ಮಳೆಗಾಲ ಮುಗಿಯುವಾಗ ನಮ್ಮದೇ ಒಂದು ಮರಿ ಗಣತಿ ಆಗಲಿ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ದೊಡ್ಡ ಹಿಂಡಿದ್ದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ, ಅಂಥ ಎಷ್ಟು ತುಂಡು ಇವೆ ಅಂತ ಲೆಕ್ಕ ಹಾಕಿ. ಸಣ್ಣ ಮರಿಯ ತಲೆ ಕೆಂಪು. ಸ್ವಲ್ಪ ಬೆಳೆದದ್ದು ಬೂದು ಮೈ, ಬೆಳ್ಳನೆ ಕತ್ತು, ಹಣೆಗೆ ಇನ್ನೂ ನಾಮ ಬಂದಿರುವುದಿಲ್ಲ. ಬೇರೆ ಬೇರೆ ಬರೆದಿಡಿ. ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಲೆಕ್ಕ ಕಳೆದುಹೋಗುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಗೂಡಿನ ಹತ್ತಿರ ಮಾತ್ರ ಯಾರೂ ಹೋಗಬಾರದು. ಏರಿ ಮೇಲಿನಿಂದಲೇ ನೋಡಬೇಕು.

ಎರಡು, ದಾಖಲೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ-ಪ್ರಾಣಿಗಳ ದಾಖಲಾತಿ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ ನೋಡಿ. ಇದ್ದರೆ ಅದರಲ್ಲಿ ನಾಮದ ಕೋಳಿ ಮರಿಗಳ ಲೆಕ್ಕ ಬರೆಸಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಗ್ರಾಮಸಭೆಯಲ್ಲಿ ಕೇಳಿ.

ಮೂರು, ಕಾಮಗಾರಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೈಯಲ್ಲಿವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯದು. ಯಾರದೇ ಇರಲಿ, ಅಂದಾಜು ಪಟ್ಟಿ ಆಗುವಾಗಲೇ ಹಿನ್ನೀರಿನ ಅಂಚು ಬಿಡಬೇಕು, ಇಳಿಜಾರು ಇರಬೇಕು ಅಂತ ಬರೆಸಬೇಕು. ಜೆಸಿಬಿ ಬಂದು ನಿಂತ ಮೇಲೆ ಹೇಳಿದರೆ ಕೇಳುವವರಿಲ್ಲ. ಕೆಲಸ ಮಳೆಗೆ ಮುಂಚೆ ಮುಗಿಯಬೇಕು. ಜಂಬು ಅತಿಯಾಗಿ ಬೆಳೆದಿದ್ದರೆ ಬೇಸಿಗೆಯಲ್ಲಿ ಅರ್ಧ ಕೊಯ್ಯಿರಿ, ಅರ್ಧ ಬಿಡಿ. ಬೆಂಕಿ ಹಾಕಬೇಡಿ.

ನಾಲ್ಕು, ಹರಾಜು. ಮೀನಿನ ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಿ: ನೀರು ತುಂಬಿದ ಮೇಲೆ ಮೂರು ತಿಂಗಳು ಜಂಬಿನ ಅಂಚಿಗೆ ಬಲೆ ಬಿಡಬಾರದು. ಉಳಿದ ಕೆರೆಯೆಲ್ಲ ಅವರದೇ. ಇನ್ನು ಈ ಹಕ್ಕಿ ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನುವುದೂ ಎಲ್ಲರಿಗೂ ಗೊತ್ತಿರಲಿ.

ಐದನೆಯದು ನಮಗೆ, ಸುದ್ದಿ ಬರೆಯುವವರಿಗೆ. ಗದಗದ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳಾದವು. ಹೆಮ್ಮೆಯ ವಿಷಯ, ದೊಡ್ಡದಾಗಿ ಬರೆದೆವು. ನಮ್ಮ ಹೋಬಳಿಯ ಕೆರೆಗೆ ಅಂಥ ಪಟ್ಟ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಹೋಬಳಿ ನಮ್ಮದು. ಇಲ್ಲಿ ಹಕ್ಕಿಗೆ ಜಾಗ ಕೊಡಲು ದೆಹಲಿಯ ಕಾಗದ ಬೇಡ, ಒಂದು ಗ್ರಾಮಸಭೆಯ ಠರಾವು ಸಾಕು. ಜನವರಿಯಲ್ಲಿ ಫೋಟೊ ತೆಗೆದು 'ವಿದೇಶಿ ಅತಿಥಿ' ಅಂತ ಬರೆಯುವ ಬದಲು, ಮಳೆಗಾಲದ ಕೊನೆಗೆ ಹೋಗಿ 'ಈ ವರ್ಷ ಇಷ್ಟು ಮರಿ' ಅಂತ ಬರೆಯೋಣ. ನಾಲ್ಕು ಕಾಲಂ ಬರಲಿಕ್ಕಿಲ್ಲ. ಒಂದು ಮೂಲೆಯಲ್ಲಿ ಬಂದರೂ ಸಾಕು, ಹತ್ತು ವರ್ಷದ ಮೇಲೆ ಅದೇ ಲೆಕ್ಕವಾಗುತ್ತದೆ.

ಹಾಗಾಗಿ, ತಡವಾಗಿಯಾದರೂ ಆ ತಿದ್ದುಪಡಿ ಪೂರ್ತಿ ಮಾಡುತ್ತೇವೆ. ಕೆಲವು ವರ್ಷಗಳ ಹಿಂದಿನ ಜನವರಿಯಲ್ಲಿ ನಾವು ಬರೆದ ಸುದ್ದಿಯಲ್ಲಿ 'ವಿದೇಶಿ ಅತಿಥಿಗಳು' ಎಂದಿದ್ದ ಕಡೆ 'ನಮ್ಮ ಕೆರೆಯ ನಾಮದ ಕೋಳಿಗಳು, ಜೊತೆಗೆ ಬಂದ ಕೆಲವು ನೆಂಟರು' ಎಂದು ಓದಿಕೊಳ್ಳಬೇಕಾಗಿ ವಿನಂತಿ.

ನಿಮ್ಮೂರ ಕೆರೆಯಲ್ಲಿ ಈ ಸಲ ಕೆಂಪು ತಲೆಯ ಮರಿ ಎಷ್ಟು ಕಂಡವು? ಎಣಿಸಿ ನಮಗೂ ಬರೆಯಿರಿ. ಒಂದೂ ಇಲ್ಲ ಅಂತಾದರೆ, ಅದನ್ನು ಮೊದಲು ಬರೆಯಿರಿ.